ಪಾಪದ ಬಾಕಿ, ಪರಲೋಕದ ಬೀಗದ ಕೈ

(ಭದ್ರಾವತಿಯಲ್ಲಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು)



ಇಂದಿನ ವಿಷಯವನ್ನು ನಾವು ಆರಿಸಿದ್ದಲ್ಲ, ನೀವು ಕೇಳಿದ್ದು. ಈ ಊರಿನ ಕಬ್ಬಿಣದ ಕಾರ್ಖಾನೆಗೂ ಕಾಗದದ ಕಾರ್ಖಾನೆಗೂ ಹೊಟ್ಟೆಪಾಡಿಗಾಗಿ ನಾಲ್ಕು ದಿಕ್ಕಿನಿಂದ ಜನ ಬಂದರು. ತಮಿಳರು ಬಂದರು, ಮಲಯಾಳಿಗಳು ಬಂದರು, ಕೊಂಕಣಿ ಮಾತಾಡುವ ಮಂಗಳೂರಿನವರು ಬಂದರು. ಅವರಲ್ಲಿ ಯೇಸುವನ್ನು ನಂಬಿದವರೂ ಅನೇಕರು. ಆದರೆ ಒಂದೇ ಪಾಳಿಯಲ್ಲಿ ದುಡಿದು ಒಂದೇ ಸಾಲು ಮನೆಯಲ್ಲಿ ಮಲಗಿದ ಇಬ್ಬರು, ಭಾನುವಾರ ಬಂತೆಂದರೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಒಬ್ಬ ರೋಮನ್ ಕ್ಯಾಥೊಲಿಕ್, ಇನ್ನೊಬ್ಬ ಪ್ರಾಟೆಸ್ಟೆಂಟ್. ಇವನ ಮಗಳನ್ನು ಅವನ ಮಗನಿಗೆ ಕೊಡುವ ಮಾತು ಬಂದರೆ ಎರಡು ಮನೆಯಲ್ಲೂ ರಂಪ. ಸತ್ತ ಮೇಲೂ ಮಲಗುವ ಜಾಗ ಬೇರೆ. ಇದನ್ನು ನೋಡಿ ಉಳಿದವರು ನಗುತ್ತಾರೆ: ಇಬ್ಬರೂ ಕಿರಿಸ್ತಾನರೇ, ಜಗಳ ಯಾತಕ್ಕೆ?

ನಗುವವರು ಮೊದಲು ತಮ್ಮ ಮನೆಯ ಜಂತಿ ಎಣಿಸಿಕೊಳ್ಳಲಿ. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಎಂದು ಎರಡು ಪಂಗಡಗಳಿವೆ; ಹಣೆಯ ನಾಮದಲ್ಲೇ ಗುರುತು ಸಿಗುತ್ತದೆ. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ತಾಯಿ ದಾಟಿಸುತ್ತದೆ, ಆದ್ದರಿಂದ ಜೀವನ ಕಡೆಯಿಂದಲೂ ಒಂದಿಷ್ಟು ಪ್ರಯತ್ನ ಬೇಕು ಎನ್ನುವುದು ವಡಗಲೆಯವರ ವಾದ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ದೇವರ ಕೃಪೆಯೂ ಹಾಗೇ ಎನ್ನುವುದು ತೆಂಗಲೆಯವರ ವಾದ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಹೆಸರಿಟ್ಟು ಶತಮಾನಗಳ ಕಾಲ ವಾದ ಮಾಡಿದ್ದಾರೆ. ಹಾಗೆಯೇ, ಸತ್ತ ತಂದೆಗಾಗಿ ಗಯೆಯಲ್ಲಿ ಪಿಂಡ ಹಾಕುವವರು ನಮ್ಮಲ್ಲಿದ್ದಾರೆ. ಲಿಂಗೈಕ್ಯನಾದವನಿಗೆ ಶ್ರಾದ್ಧವೆಲ್ಲಿಯದು ಎಂದು ಕೇಳುವ ಲಿಂಗವಂತರೂ ಪಕ್ಕದ ಬೀದಿಯಲ್ಲೇ ಇದ್ದಾರೆ. ಮುಕ್ತಿ ಹೇಗೆ, ಸತ್ತವರಿಗೆ ನಾವೇನು ಮಾಡಬಹುದು, ಇದನ್ನು ಹೇಳುವ ಅಧಿಕಾರ ಯಾರದು? ಕ್ರೈಸ್ತರ ಜಗಳವೂ ಇದೇ ಮೂರು ಪ್ರಶ್ನೆಗಳದು. ಇವುಗಳಲ್ಲಿ ಮೂರನೆಯದೇ ಬೇರು ಎನ್ನುವುದು ನಮ್ಮ ಅಭಿಪ್ರಾಯ.

ಮೊದಲು ಪರ್ಗೆಟರಿ ಎಂದರೇನೆಂದು ತಿಳಿಯೋಣ. ನಮ್ಮ ತಮಿಳು ಕ್ಯಾಥೊಲಿಕರ ಹಿರಿಯರು ಇದನ್ನು ಉತ್ತರಿಕ್ಕಿರ ಸ್ಥಲಂ ಎನ್ನುತ್ತಿದ್ದರು. ಕನ್ನಡದಲ್ಲಿ ಶುದ್ಧೀಕರಣ ಸ್ಥಳ ಎನ್ನಬಹುದು. ಇದು ನರಕವಲ್ಲ. ಹೊರಗಿನವರು ತಪ್ಪು ತಿಳಿಯುವುದು ಇಲ್ಲಿಯೇ. ಅಲ್ಲಿಗೆ ಹೋದ ಆತ್ಮಗಳೆಲ್ಲ ಆಗಲೇ ರಕ್ಷಣೆ ಪಡೆದವು. ಸ್ವರ್ಗ ಖಂಡಿತ, ತಡವಷ್ಟೆ. ಕೆಮ್ಮಣ್ಣುಗುಂಡಿಯ ಅದಿರು ಇಲ್ಲಿಗೆ ಬಂದು ಕುಲುಮೆಗೆ ಬೀಳುತ್ತಿದ್ದ ಕಾಲವನ್ನು ಕಂಡ ಹಿರಿಯರು ಇಲ್ಲಿದ್ದೀರಿ. ಅದಿರಿನಲ್ಲಿ ಕಬ್ಬಿಣವಿರುವುದು ನಿಜ, ಆದರೆ ಕಿಟ್ಟ ಬೇರೆಯಾಗದೆ ಅದು ಕಬ್ಬಿಣವಾಗುವುದಿಲ್ಲ. ಅದರಂತೆ, ದೇವರ ಸ್ನೇಹದಲ್ಲಿ ಸತ್ತರೂ ಪೂರ್ತಿ ಶುದ್ಧನಾಗದವನು ಅಲ್ಲಿ ಶುದ್ಧನಾಗಬೇಕು. ಬದುಕಿರುವವರ ಪ್ರಾರ್ಥನೆ, ಪೂಜೆ, ದಾನಗಳಿಂದ ಆ ಆತ್ಮಗಳಿಗೆ ಸಹಾಯವಾಗುತ್ತದೆ. 1439ರಲ್ಲಿ ಫ್ಲಾರೆನ್ಸಿನ ಮಹಾಸಭೆಯೂ 1563ರಲ್ಲಿ ಟ್ರೆಂಟಿನ ಮಹಾಸಭೆಯೂ ಹೇಳಿದ್ದು ಇದನ್ನೇ. ನವೆಂಬರ್ 2ರಂದು ಕ್ಯಾಥೊಲಿಕರು ಸಮಾಧಿಗಳ ಮೇಲೆ ಹೂವಿಟ್ಟು ಮೇಣದಬತ್ತಿ ಹಚ್ಚುವುದರ ಹಿಂದಿರುವ ನಂಬಿಕೆ ಇದು.

ಪ್ರಾಟೆಸ್ಟೆಂಟರು ಸತ್ತವರನ್ನು ನೆನೆಯುತ್ತಾರೆ, ಅವರಿಗಾಗಿ ದೇವರನ್ನು ವಂದಿಸುತ್ತಾರೆ. ಆದರೆ ಅವರ ಬಿಡುಗಡೆಗಾಗಿ ಬೇಡುವುದಿಲ್ಲ. ಕ್ರಿಸ್ತನು ಶಿಲುಬೆಯ ಮೇಲೆ ಲೆಕ್ಕ ಪೂರ್ತಿ ಚುಕ್ತಾ ಮಾಡಿದ ಮೇಲೆ ಉಳಿದ ಬಾಕಿ ಯಾವುದು ಎಂಬುದು ಅವರ ಪ್ರಶ್ನೆ.

ಬಾಕಿಯ ಮಾತು ಬಂತು. ಅಂಗಡಿಯವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕ್ಯಾಥೊಲಿಕ್ ಬೋಧನೆಯಲ್ಲಿ ಪಾಪಕ್ಕೆ ಎರಡು ಮುಖಗಳಿವೆ: ಅಪರಾಧ ಒಂದು, ಅದರ ದಂಡ ಇನ್ನೊಂದು. ಗಿರಾಕಿ ಬಂದು ಕೈ ಮುಗಿದರೆ ಸಾಹುಕಾರ ಸಿಟ್ಟು ಬಿಡಬಹುದು. ಖಾತೆಯಲ್ಲಿನ ಬಾಕಿ ಹಾಗೇ ಇರುತ್ತದೆ. ಪಾಪನಿವೇದನೆಯಲ್ಲಿ ಅಪರಾಧ ಕ್ಷಮಿಸಲ್ಪಟ್ಟರೂ ದಂಡವನ್ನು ಇಲ್ಲಿ ಇಲ್ಲವೇ ಅಲ್ಲಿ ತೀರಿಸಬೇಕು. ಕ್ರಿಸ್ತನ ಮತ್ತು ಸಂತರ ಪುಣ್ಯದ ಭಂಡಾರವೊಂದಿದೆ, ಅದರಿಂದ ಈ ದಂಡಕ್ಕೆ ಮಾಫಿ ಕೊಡುವ ಅಧಿಕಾರ ಧರ್ಮಸಭೆಗಿದೆ ಎಂದು 1343ರಲ್ಲಿ ಪೋಪ್ ಆರನೆಯ ಕ್ಲೆಮೆಂಟ್ ಸಾರಿದರು. 1476ರಲ್ಲಿ ನಾಲ್ಕನೆಯ ಸಿಕ್ಸ್ಟಸ್ ಈ ಮಾಫಿಯನ್ನು ಸತ್ತವರಿಗೂ ವಿಸ್ತರಿಸಿದರು. ಇದೇ ಇಂಡಲ್ಜೆನ್ಸ್.

ಅಲ್ಲಿಯವರೆಗೆ ಮನುಷ್ಯ ತನ್ನ ಪಾಪಕ್ಕೆ ಅಂಜುತ್ತಿದ್ದ. ಈಗ ಸತ್ತ ತಾಯಿಯ ಸಂಕಟವೂ ಮಗನ ಕಿಸೆಗೆ ಗಂಟುಬಿತ್ತು. ದುಡ್ಡಿರುವವರ ಕಣ್ಣು ಇಂಥ ಕಡೆ ಬೀಳದೆ ಇರುತ್ತದೆಯೆ? ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಎಂಬೊಬ್ಬ ದೊಡ್ಡ ಮನೆತನದ ಬಿಷಪ್ ಇದ್ದ. ಒಂದು ಗದ್ದುಗೆ ಸಾಲದೆ 1514ರಲ್ಲಿ ಮೈಂಟ್ಸ್ ನಗರದ ಆರ್ಚ್‌ಬಿಷಪ್ ಪಟ್ಟವನ್ನೂ ಪಡೆದ. ಅದಕ್ಕಾಗಿ ರೋಮಿಗೆ ಕಟ್ಟಬೇಕಾದ ಹಣವನ್ನು ಫುಗ್ಗರ್ ಎಂಬ ಲೇವಾದೇವಿ ಮನೆತನದಿಂದ ಸಾಲ ತಂದ. ಸಾಲ ತೀರಿಸುವ ದಾರಿ ಯಾವುದು? ಮಾಫಿ ಚೀಟಿ ಹಂಚುವುದು. ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರರ ದೇವಾಲಯ ಕಟ್ಟುವುದಕ್ಕೆ, ಅರ್ಧ ಫುಗ್ಗರರ ಸಾಲಕ್ಕೆ. ಬೋಧಕ ಟೆಟ್ಸೆಲ್ ಊರೂರಿಗೆ ಹೋದಾಗ ಫುಗ್ಗರರ ಗುಮಾಸ್ತನೂ ಪೆಟ್ಟಿಗೆಯ ಜೊತೆಯಲ್ಲಿರುತ್ತಿದ್ದ. ರಾಜನಿಗೊಂದು ದರ, ವರ್ತಕನಿಗೊಂದು ದರ, ಕಸುಬಿನವನಿಗೊಂದು ದರ. ಕಾಸಿಲ್ಲದವನು ಉಪವಾಸ, ಪ್ರಾರ್ಥನೆ ಮಾಡಬಹುದು ಎಂದೂ ಬರೆದಿತ್ತು. ಬಡವನಿಗೆ ಉಪವಾಸ ಹೊಸದೇನೂ ಅಲ್ಲ ಬಿಡಿ.

ಇದರ ವಿರುದ್ಧ 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗಿನ ಮೇಷ್ಟರು ಮಾರ್ಟಿನ್ ಲೂಥರ್ 95 ವಾದಗಳನ್ನು ಬರೆದು ಹೊರಗಿಟ್ಟರು. ಆತ್ಮಗಳನ್ನು ಬಿಡಿಸುವ ಶಕ್ತಿ ಪೋಪರಿಗೆ ಇದ್ದದ್ದೇ ಆದರೆ ಹಣಕ್ಕೆ ಕಾಯದೆ ಪ್ರೀತಿಯಿಂದ ಎಲ್ಲರನ್ನೂ ಏಕೆ ಬಿಡಿಸಬಾರದು ಎಂದು ಸಾಮಾನ್ಯ ಜನ ಕೇಳಿದರೆ ಏನು ಹೇಳೋಣ ಎಂಬುದು ಅವುಗಳಲ್ಲೊಂದು. ಗಮನಿಸಿ, ಆ ದಿನ ಲೂಥರ್ ಶುದ್ಧೀಕರಣ ಸ್ಥಳವೇ ಇಲ್ಲ ಎನ್ನಲಿಲ್ಲ. ಹಾಗೆ ಹೇಳಲು 1530 ಬರಬೇಕಾಯಿತು. ಜಗಳ ಹಣದಿಂದ ಹೊರಟು ಅಧಿಕಾರಕ್ಕೆ ಹೋಯಿತು, ಅಲ್ಲಿಂದ ಸಿದ್ಧಾಂತಕ್ಕೆ ಹೋಯಿತು.

ನ್ಯಾಯಕ್ಕೆ ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಈ ವ್ಯಾಪಾರ ಹೇಯವೆಂದು ರೋಮಿಗೂ ಗೊತ್ತಾಯಿತು. ಹಣ ತೆಗೆದುಕೊಂಡು ಕೊಡುವ ಮಾಫಿಗಳನ್ನೆಲ್ಲ 1567ರಲ್ಲಿ ಪೋಪ್ ಐದನೆಯ ಪಯಸ್ ರದ್ದು ಮಾಡಿದರು. ಮಾಫಿ ಮಾತ್ರ ಉಳಿದಿದೆ, 2025ರ ಜೂಬಿಲಿ ವರ್ಷದಲ್ಲೂ ಇತ್ತು. ಅದಕ್ಕೆ ಬೇಕಾದದ್ದು ಪಾಪನಿವೇದನೆ, ಪರಮಪ್ರಸಾದ, ಪ್ರಾರ್ಥನೆ, ಯಾತ್ರೆ ಇಂಥವು. ಕ್ಯಾಥೊಲಿಕರು ದುಡ್ಡು ಕೊಟ್ಟು ಸ್ವರ್ಗ ಕೊಳ್ಳುತ್ತಾರೆ ಎಂದು ಇಂದಿಗೂ ಆಡಿಕೊಳ್ಳುವವರು ನಾನ್ನೂರು ವರ್ಷ ಹಳೆಯ ಸುದ್ದಿ ಹೇಳುತ್ತಿದ್ದಾರೆ.

ಇನ್ನು ರಕ್ಷಣೆಯ ವಿಷಯ. ನಂಬಿಕೆಯೊಂದರಿಂದಲೇ ಎಂದರು ಲೂಥರ್. ಪೌಲನ ಪತ್ರಗಳು ಅವರ ಆಧಾರ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನ ಪತ್ರವನ್ನು ತೋರಿಸಿದರು ಕ್ಯಾಥೊಲಿಕರು. ಕೋತಿ, ಬೆಕ್ಕಿನ ಹೋಲಿಕೆ ಇಲ್ಲಿ ಅರ್ಧದೂರ ಮಾತ್ರ ನಡೆಯುತ್ತದೆ. ಏಕೆಂದರೆ ಮೊದಲ ಹೆಜ್ಜೆ ದೇವರ ಕೃಪೆಯದೇ ಎಂದು 1547ರಲ್ಲಿ ಟ್ರೆಂಟಿನ ಸಭೆಯೂ ಒಪ್ಪಿತ್ತು. ಅಲ್ಲದೆ, ನಮ್ಮ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಶನ್ನಿನವರ ಮೂಲಪುರುಷ ಜಾನ್ ವೆಸ್ಲಿ, ನಂಬಿದವನ ನಡತೆ ಶುದ್ಧವಾಗಲೇಬೇಕೆಂದು ಜೀವಮಾನವೆಲ್ಲ ಹೇಳಿದವರು. 1999ರ ಅಕ್ಟೋಬರ್ 31ರಂದು, ಅದೇ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಪತ್ರಕ್ಕೆ ಸಹಿ ಹಾಕಿದರು: ಮನುಷ್ಯ ದೇವರಿಗೆ ಸಲ್ಲುವುದು ತನ್ನ ಯೋಗ್ಯತೆಯಿಂದಲ್ಲ, ಕೃಪೆಯಿಂದ, ಒಳ್ಳೆಯ ಕೆಲಸ ಅದರಿಂದ ಹುಟ್ಟುವ ಫಲ, ಈ ವಿಷಯದಲ್ಲಿ ಹಿಂದೆ ಒಬ್ಬರಿಗೊಬ್ಬರು ಹಾಕಿದ ಶಾಪಗಳು ಈಗ ತಟ್ಟುವುದಿಲ್ಲ. 2006ರಲ್ಲಿ ಮೆಥಡಿಸ್ಟರೂ ಸೇರಿದರು. ಇಷ್ಟು ದೊಡ್ಡ ಸುದ್ದಿ ಹೊಸಮನೆಗೋ ನ್ಯೂಟೌನಿಗೋ ತಲುಪಿದಂತೆ ನಮಗೆ ಕಾಣಲಿಲ್ಲ. ರಾಜಿ ಮೇಲೆ ಆಗುತ್ತದೆ. ವೈರ ಕೆಳಗೆ ಉಳಿಯುತ್ತದೆ.

ಆದರೆ ಆ ಪತ್ರ ಶುದ್ಧೀಕರಣ ಸ್ಥಳವನ್ನಾಗಲಿ ಪೋಪರ ಅಧಿಕಾರವನ್ನಾಗಲಿ ಇತ್ಯರ್ಥ ಮಾಡಲಿಲ್ಲ. ಏಕೆ? ಭದ್ರಾವತಿಯ ಎರಡು ಮನೆಗಳಿಂದ ಎರಡು ಕನ್ನಡ ಬೈಬಲ್ಲುಗಳನ್ನು ತಂದು ಮೇಜಿನ ಮೇಲಿಡಿ. ಪ್ರಾಟೆಸ್ಟೆಂಟರ ಸತ್ಯವೇದದಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರದರಲ್ಲಿ 73. ಸತ್ತವರಿಗಾಗಿ ಪ್ರಾರ್ಥಿಸಿದ ಯೂದನ ಕಥೆ ಇರುವುದು ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ. ಅದು ದಪ್ಪ ಬೈಬಲ್ಲಿನಲ್ಲಿದೆ, ಇನ್ನೊಂದರಲ್ಲಿಲ್ಲ. ಹಾಗಾದರೆ ಯಾವ ಪುಸ್ತಕ ದೇವರ ವಾಕ್ಯವೆಂದು ನಿರ್ಣಯಿಸುವವರು ಯಾರು? ಧರ್ಮಸಭೆ ಎನ್ನುತ್ತಾರೆ ಇವರು. ಬೀಗದ ಕೈಯನ್ನು ಕ್ರಿಸ್ತನು ಪೇತ್ರನಿಗೆ ಕೊಟ್ಟ, ಪೇತ್ರನ ಗದ್ದುಗೆ ರೋಮಿನಲ್ಲಿದೆ. ಧರ್ಮಸಭೆಯನ್ನೂ ಅಳೆಯುವ ಕೋಲು ಗ್ರಂಥವೇ ಎನ್ನುತ್ತಾರೆ ಅವರು. 1870ರಲ್ಲಿ ಪೋಪರು ತಪ್ಪಲಾರರು ಎಂಬ ನಿರ್ಣಯವಾಯಿತು. ಅವರ ಪ್ರತಿ ಮಾತಿಗೂ ಅದು ಸಲ್ಲದು. ವಿಶ್ವಾಸ, ನೀತಿಗಳ ವಿಷಯದಲ್ಲಿ ಪೀಠದಿಂದ ವಿಧಿವತ್ತಾಗಿ ಸಾರಿದ್ದಕ್ಕೆ ಮಾತ್ರ. ಆದರೂ ಪ್ರಾಟೆಸ್ಟೆಂಟರು ಅದನ್ನು ಒಪ್ಪಲಾರರು.

ಹಾಗಾದರೆ ಪೋಪರನ್ನು ಬಿಟ್ಟವರೆಲ್ಲ ಸ್ವತಂತ್ರರಾದರೆ? ಅದನ್ನು ನಮ್ಮ ನಾಡಿನಲ್ಲೇ ನೋಡಬಹುದು. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಮತಕ್ಕೆ ಸೇರಿದವರಿಗೆ ಜಾತಿಯ ಆಸರೆ ತಪ್ಪಿತು, ಕಸುಬು ತಪ್ಪಿತು. ಅವರ ಹೊಟ್ಟೆಗಾಗಿ ಮಿಶನ್ ಮಗ್ಗ ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಲೆನಾಡಿನ ಮನೆಗಳ ಮೇಲಿರುವ ಮಂಗಳೂರು ಹಂಚಿನ ಹುಟ್ಟು ಅದು. ಒಳ್ಳೆಯ ಕೆಲಸವೇ, ಸಾವಿರಾರು ಜನ ಅನ್ನ ಕಂಡರು, ಕೈಕಸುಬು ಕಲಿತರು. ಆದರೆ ಬೋಧನೆ ಮಾಡುವ ಕೈಯೂ ಕೂಲಿ ಕೊಡುವ ಕೈಯೂ ಒಂದೇ ಮಿಶನ್ನಿನದು. ರಕ್ಷಣೆ ಕೃಪೆಯಿಂದ ಬಿಟ್ಟಿಯಾಗಿ ಸಿಗುತ್ತದೆಂದು ಬೆಳಗ್ಗೆ ಕೇಳಿದವನು, ಅದೇ ಮಿಶನ್ನಿನ ಸಾಹೇಬರೆದುರು ಮಧ್ಯಾಹ್ನ ಎಷ್ಟು ಬಾಯಿ ಬಿಡಬಲ್ಲ ಎಂಬುದನ್ನು ಕಾರ್ಖಾನೆಯವರಾದ ನಿಮಗೆ ನಾವು ವಿವರಿಸಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ಕಿತ್ತುಕೊಂಡ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಕ್ಯಾಥೊಲಿಕರ ಕಡೆಯೂ ಒಂದೇ ಗದ್ದುಗೆ ಎಂದ ಮಾತ್ರಕ್ಕೆ ಜಗಳ ತಪ್ಪಲಿಲ್ಲ. ಬಿಷಪ್ಪರನ್ನು ಸೂಚಿಸುವ ಹಕ್ಕು ಪೋರ್ತುಗಲ್ಲಿನ ರಾಜನದೋ ರೋಮಿನದೋ ಎಂದು ಕರಾವಳಿಯ ಕ್ಯಾಥೊಲಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಗೋವೆಯ ಪಕ್ಷ, ರೋಮಿನ ಪಕ್ಷ ಎಂದು ಒಡೆದು ನಿಂತಿದ್ದರು. ಪ್ರಾಟೆಸ್ಟೆಂಟರು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಮಿಶನ್ನುಗಳನ್ನು ಕೂಡಿಸಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಮಾಡಿಕೊಂಡರು, ಬಿಷಪ್ಪರಿದ್ದಾರೆ, ಆದರೆ ಅವರ ಮಹಾಸಭೆಯಲ್ಲಿ ಪಾದ್ರಿಗಳಲ್ಲದ ಸದಸ್ಯರೂ ಕೂತು ಮತ ಹಾಕುತ್ತಾರೆ. ಇದು ನಮಗೆ ಮೆಚ್ಚಿಕೆಯಾದ ಅಂಶ. ಆದರೆ ಯಾವ ಸಭೆಗೂ ಉತ್ತರ ಹೇಳಬೇಕಾಗಿಲ್ಲದ ಬೋಧಕರು ಬಾಡಿಗೆ ಮನೆಯಲ್ಲಿ ತಾವೇ ಪೀಠ ಹಾಕಿಕೊಳ್ಳುವುದೂ ಉಂಟು. ಪ್ರಶ್ನೆ ಕೇಳಲಾಗದ ಪೀಠ ರೋಮಿನಲ್ಲಿದ್ದರೇನು, ತಗಡಿನ ಶೆಡ್ಡಿನಲ್ಲಿದ್ದರೇನು?

ಈಗ ನೀವು ಚೀಟಿ ಬರೆದು ಕೇಳಿದ ಎರಡು ಪ್ರಶ್ನೆಗಳು.

ಮದುವೆ ಸಾಧ್ಯವೆ? ಸಾಧ್ಯ. ಕ್ಯಾಥೊಲಿಕ್ ಹುಡುಗಿ ಸಿ.ಎಸ್.ಐ. ಹುಡುಗನನ್ನು ಮದುವೆಯಾಗಲು ಬಿಷಪ್ಪರ ಅನುಮತಿ ಬೇಕು. ಶಿವಮೊಗ್ಗ 1988ರಿಂದ ಪ್ರತ್ಯೇಕ ಧರ್ಮಪ್ರಾಂತವಾಗಿರುವುದರಿಂದ ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆಂದು ಹುಡುಗಿ ಮಾತು ಕೊಡಬೇಕು. ಮೊದಲು ಹುಡುಗನೂ ಮಾತು ಕೊಡಬೇಕಾಗಿತ್ತು. 1970ರಿಂದ ಅವನಿಗೆ ವಿಷಯ ತಿಳಿಸಿದರೆ ಸಾಕು. ಮತ ಬಿಟ್ಟು ಬಾ ಎಂದು ಆ ಕಾನೂನು ಅವನಿಗೆ ಹೇಳುವುದಿಲ್ಲ. ಹಾಗೆ ಹೇಳುವವರು ನೆಂಟರು.

ಎರಡನೆಯದು, ಕೈಯಲ್ಲಿ ಕಾಸಿಲ್ಲದ ವಿಧವೆ ಸತ್ತ ಗಂಡನಿಗಾಗಿ ಪೂಜೆ ಮಾಡಿಸುವುದು ಹೇಗೆ? ಪೂಜೆಗೆ ಕೊಡುವುದು ಕಾಣಿಕೆ, ಬೆಲೆಯಲ್ಲ. ವ್ಯಾಪಾರದ ನೆರಳೂ ಅಲ್ಲಿ ಸುಳಿಯಬಾರದೆಂದು 1983ರ ಧರ್ಮಸಭೆಯ ಕಾನೂನಿನಲ್ಲಿದೆ. ಕಾಣಿಕೆ ಇಲ್ಲದಿದ್ದರೂ ವಿಶ್ವಾಸಿಗಳಿಗಾಗಿ, ಅದರಲ್ಲೂ ಬಡವರಿಗಾಗಿ ಪೂಜೆ ಅರ್ಪಿಸಿರೆಂದು ಅದೇ ಕಾನೂನು ಗುರುಗಳನ್ನು ಕೇಳಿಕೊಳ್ಳುತ್ತದೆ. ಆದ್ದರಿಂದ ಆ ತಾಯಿ ಸಾಲ ಮಾಡುವುದು ಬೇಡ. ನೇರವಾಗಿ ಹೋಗಿ ಕೇಳಲಿ. ಒಬ್ಬಳೇ ಹೋಗಲು ಸಂಕೋಚವಾದರೆ ಅವಳ ಸಾಲಿನ ಮನೆಯವರು, ಸಿ.ಎಸ್.ಐ.ನವರಾದರೂ ಸರಿ, ಜೊತೆಗೆ ಹೋಗಲಿ.