ಡಬ್ಬಿಯೂ ಭರಣಿಯೂ

ಡಬ್ಬಿಯಲ್ಲಿ ಬಂದ ಮಾವಿನ ರಸವನ್ನು ಹಳಸಲೆಂದು ಹಳಿಯುವವರುಂಟು. ಭರಣಿಯ ಉಪ್ಪಿನಕಾಯಿಯನ್ನು ಹಳೆಯ ಕಾಲದ್ದೆಂದು ನಗುವವರೂ ಉಂಟು. ಎರಡನ್ನೂ ನಾನು ಒಪ್ಪಲಾರೆ. ಆಹಾರವನ್ನು ಸೀಸೆಯಲ್ಲಿ ಭದ್ರವಾಗಿ ಮುಚ್ಚಿ ಕುದಿಸಿಡುವ ವಿಧಾನಕ್ಕಾಗಿ ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ 12,000 ಫ್ರಾಂಕ್ ಬಹುಮಾನ ಪಡೆದನು. ಅವನು ಕಾವಿನಿಂದ ಸಾಧಿಸಿದ್ದನ್ನು ನನ್ನ ತಾಯಿ ಮಾವಿನ ಮಿಡಿಯಲ್ಲಿ ಉಪ್ಪಿನಿಂದ ಸಾಧಿಸುತ್ತಿದ್ದರು.

ಆದರೆ ಬರಿಯ ಕುದಿತ ಎಲ್ಲಕ್ಕೂ ಸಾಲದು. ಹುಳಿಯಿಲ್ಲದ ಹುರುಳಿಕಾಯಿ, ಬಟಾಣಿಗಳನ್ನು ಮನೆಯಲ್ಲಿ ಕುದಿಸಿ ಸೀಸೆಯಲ್ಲಿ ಮುಚ್ಚಿಟ್ಟರೆ, ಕುದಿನೀರಿಗೂ ಸಾಯದ ಬಾಟುಲಿನಮ್ ಬೀಜಾಣುಗಳು ಗಾಳಿಯಿಲ್ಲದೆಡೆಯಲ್ಲಿ ಬೆಳೆದು ಪ್ರಾಣಾಂತಕ ವಿಷವನ್ನು ಹುಟ್ಟಿಸಬಲ್ಲವು. ರುಚಿಯಿಂದಲೂ ವಾಸನೆಯಿಂದಲೂ ಅದು ತಿಳಿಯದಿರಬಹುದು. ಕಾರ್ಖಾನೆಯಲ್ಲಾದರೆ ಅಂಥ ತರಕಾರಿಯನ್ನು ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆದ್ದರಿಂದ ಹುಳಿ, ಉಪ್ಪುಗಳ ಕಾವಲುಳ್ಳದ್ದು ಮನೆಯ ಭರಣಿಗಿರಲಿ. ಉಳಿದದ್ದನ್ನು ಡಬ್ಬಿಗೆ ಬಿಡೋಣ, ಇಲ್ಲವೇ ಅಂದಂದೇ ಸಂತೆಯಿಂದ ತಂದು ಉಣ್ಣೋಣ.