ಬಾಣಂತಿಯ ವಿಶ್ರಾಂತಿ ಮತ್ತು ಕಾಯಿದೆ
(ದುಮ್ಮವಾಡದ ಸಭೆಯಲ್ಲಿ ಆಡಿದ ಮಾತು)



ಸಂವಿಧಾನ ಬರೆದ ಬಾಬಾಸಾಹೇಬರನ್ನು ನಾವೆಲ್ಲ ಬಲ್ಲೆವು. ಅವರು ಕಾನೂನಿನ ಮಾಸ್ತರರೂ ಆಗಿದ್ದರು. 1928ರಲ್ಲಿ ಮುಂಬೈ ಸರ್ಕಾರಿ ಲಾ ಕಾಲೇಜಿನಲ್ಲಿ ಪಾಠಕ್ಕೆ ಸೇರಿ, 1935ರಲ್ಲಿ ಅಲ್ಲೇ ಪ್ರಿನ್ಸಿಪಾಲರಾದರು. ಆ 1928ರಲ್ಲೇ, ನಮ್ಮ ಧಾರವಾಡ ಜಿಲ್ಲೆಯೂ ಸೇರಿದ್ದ ಮುಂಬೈ ಪ್ರಾಂತದ ಶಾಸನಸಭೆಯಲ್ಲಿ, ಕಾರ್ಖಾನೆಯ ಹೆಣ್ಣಾಳುಗಳ ಹೆರಿಗೆ ಭತ್ಯೆಯ ಮಸೂದೆ ಪರ ನಿಂತರು. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಭಾರವನ್ನು ಸರ್ಕಾರವೂ ಹೊರಬೇಕು ಎಂದರು. 1929ರಲ್ಲಿ ಕಾಯಿದೆಯಾಯ್ತು. 1942ರಿಂದ 1946ರವರೆಗೆ ವೈಸರಾಯರ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಗಣಿಯ ಹೆಣ್ಣಾಳುಗಳ ಹೆರಿಗೆ ಕಾಯಿದೆಯನ್ನೂ ತಿದ್ದಿಸಿದರು.

ಹೊಲದಾಗ ದುಡಿಯೋ ನಮ್ಮ ಹೆಣ್ಣುಮಕ್ಕಳ ಗತಿ ಏನು? ಕಾರ್ಖಾನೆಯ ಕಾಯಿದೆ ಹೊಲದ ಬದುವಿನ ಆಚೆಗೇ ನಿಂತಿತು. 2017ರಲ್ಲಿ ನೌಕರಿಯವರಿಗೆ 26 ವಾರದ ರಜೆ ಆಯ್ತು. ಕೂಲಿಯವಳು ಒಂದು ದಿನ ರಜೆ ಮಾಡಿದರೆ ಒಲೆ ಮ್ಯಾಲೆ ರೊಟ್ಟಿ ಇಲ್ಲ.

2013ರ ಆಹಾರ ಭದ್ರತಾ ಕಾಯಿದೆ ಬಸುರಿ-ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಅಂತ ಬರೆದದ. 2017ರ ಯೋಜನೆ ಅದನ್ನು ಮೊದಲ ಮಗುವಿಗೆ ಮಾತ್ರ, 5,000 ಅಂತ ಮಾಡಿತು. 2022ರಲ್ಲಿ ಎರಡನೆಯದು ಹೆಣ್ಣಾದರೆ 6,000 ಅಂತ ಸೇರಿಸಿತು. ಎರಡನೆಯದು ಗಂಡಾದರೆ ಆಕಿ ಬಾಣಂತಿ ಅಲ್ಲೇನು?

ಕಾಯಿದೆ ಕೊಟ್ಟಿದ್ದನ್ನ ಯೋಜನೆ ಕಡಿಮೆ ಮಾಡಬಾರದು. ಪಂಚಾಯ್ತಿಗೆ ಕೂಡಿ ಹೋಗೋಣ, ಅರ್ಜಿ ಬರೆದುಕೊಟ್ಟು ಕೇಳೋಣ.

ಜೈಭೀಮ್.