ಜೋಗದ ನೀರು, ಕ್ಯಾಮರಾದ ಕಣ್ಣು



ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ, ಮೇ ತಿಂಗಳಲ್ಲಿ ನಾವು ತೆಗೆದ ಜೋಗದ ಚಿತ್ರ ತೋರಿಸಿದೆವು. “ಬರೀ ಬಂಡೆ! ನೀರೆಲ್ಲಪ್ಪ?” ಎಂದರು. ನಾಚಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಗೆಯಲ್ಲಿ ಜೋಗ ಸೊರಗುವುದು ನಿಜ; ಆದರೆ ನಮ್ಮ ಷಟರಿನ ತಪ್ಪೂ ಇತ್ತು.

1/500 ಸೆಕೆಂಡಿನಲ್ಲಿ ನೀರು ಹನಿಹನಿಯಾಗಿ ನಿಲ್ಲುತ್ತದೆ. ಶ್ರಾವಣದ ರೋರರಿನ ಆರ್ಭಟಕ್ಕೆ ಅದು ತಕ್ಕುದು. ಬೇಸಗೆಯ ತೆಳುಧಾರೆಗಾದರೋ ಅರ್ಧ ಸೆಕೆಂಡು ಬೇಕು. ಆಗ ಎಳೆಗಳೆಲ್ಲ ಕೂಡಿ ರಾಣಿ ಬಿಳಿಯ ಸೆರಗು ಹೊದೆಯುತ್ತಾಳೆ. ಕೈ ಅಲುಗದಂತೆ ಟ್ರೈಪಾಡು ಇರಲಿ, ಮುಂಜಾನೆಯ ಮಂದ ಬೆಳಕಿರಲಿ.

ಆದರೂ ಆ ಭೋರ್ಗರೆತ ಯಾವ ಚಿತ್ರಕ್ಕೂ ಸಿಕ್ಕದು. ಶಾಲೆಗೆ ನಾಲ್ಕು ದಿನ ರಜ ಹಾಕಿಸಿಯಾದರೂ, ಮಳೆಗಾಲದಲ್ಲಿ ಮಕ್ಕಳನ್ನೇ ಕರೆದೊಯ್ಯೋಣ.